ನಿಂತಲ್ಲೇ ಬಂದ್ ಬೀಳುವ ಹಳೆ ಕಾರು: ರೇಸ್ ಏರಿಸುವ ಮುನ್ನ ಇಷ್ಟು ನೋಡಿ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹಳೆಯ ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ ಕಾರುಗಳು ಇನ್ನೂ ಓಡುತ್ತಿವೆ. ಅಂಗಡಿ ಮಾಲು ತರಲು, ಸಂತೆಗೆ ಹೋಗಲು ಅವೇ ಆಧಾರ. ಇವುಗಳ ಮಾಲೀಕರ ಸಾಮಾನ್ಯ ದೂರು ಒಂದೇ: "ಓಡುವಾಗ ಚಲೋ ಓಡ್ತದ, ನಿಂತರೆ ಬಂದ್ ಬೀಳ್ತದ." ಕೆಲವು ಗಾಡಿ ಗಡಗಡ ನಡುಗುತ್ತವೆ, ಕೆಲವು ತಾವಾಗಿಯೇ ರೇಸ್ ಆಗುತ್ತವೆ.

ಇದಕ್ಕೆ ಹಳೆ ಕಾಲದ ಮದ್ದು ಸ್ಕ್ರೂ ತಿರುಗಿಸಿ ರೇಸ್ ಏರಿಸುವುದು. ಕಾರ್ಬುರೇಟರ್ ಗಾಡಿಗೆ ಅದು ಸರಿ. ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ಗಾಡಿಗೆ ಅದು ಮದ್ದಲ್ಲ. ಇಲ್ಲಿ ಐಡಲ್ ನಡೆಸುವುದು ಇಸಿಎಂ ಎಂಬ ಕಂಪ್ಯೂಟರ್ ಪೆಟ್ಟಿಗೆ. ಥ್ರಾಟಲ್ ಮುಚ್ಚಿದಾಗ ಐಡಲ್ ವಾಲ್ವ್ ಮೂಲಕ ಬೇಕಾದಷ್ಟೇ ಗಾಳಿ ಬಿಟ್ಟು, ಅದಕ್ಕೆ ತಕ್ಕ ಪೆಟ್ರೋಲ್ ಸಿಂಪಡಿಸಿ, ಎಂಜಿನ್ನನ್ನು ಸುಮಾರು 700ರಿಂದ 900 ಸುತ್ತಿನಲ್ಲಿ ಅದು ಹಿಡಿದಿಡುತ್ತದೆ. ಥ್ರಾಟಲ್ ಸ್ಕ್ರೂ ತಿರುಗಿಸಿದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಎರಡು ದಿನ ಆರಾಮ ಅನ್ನಿಸಿ ಮತ್ತೆ ಅದೇ ಗೋಳು.

ಮೊದಲು ಲಕ್ಷಣ ಗುರುತಿಸಿ

- ಬೆಳಗ್ಗೆ ಮಾತ್ರ ಬಂದ್ ಬಿದ್ದು, ಬಿಸಿಯಾದ ಮೇಲೆ ಸರಿಯಾದರೆ: ಕೂಲಂಟ್ ಟೆಂಪರೇಚರ್ ಸೆನ್ಸರ್ ಅಥವಾ ಐಡಲ್ ವಾಲ್ವ್.
- ಎಸಿ ಹಾಕಿದ ಕೂಡಲೇ ಬಂದ್ ಬಿದ್ದರೆ: ಥ್ರಾಟಲ್ ಬಾಡಿ, ಐಡಲ್ ವಾಲ್ವ್‌ನಲ್ಲಿ ಕಾರ್ಬನ್.
- ರೇಸ್ 1,500ರ ಮೇಲೆಯೇ ನಿಂತರೆ: ಗಾಳಿ ಸೋರಿಕೆ, ಬಿಗಿಯಾದ ಆಕ್ಸಿಲರೇಟರ್ ಕೇಬಲ್, ಇಲ್ಲವೇ ತೆರೆದೇ ಉಳಿದ ಐಡಲ್ ವಾಲ್ವ್.
- ರೇಸ್ ಏರಿ ಇಳಿದು ಮಾಡಿದರೆ: ವ್ಯಾಕ್ಯೂಮ್ ಪೈಪ್ ಸೀಳು ಅಥವಾ ಕೊಳೆಯಾದ ವಾಲ್ವ್.
- ನಡುಕದ ಜೊತೆ ಮಿಸ್ಸಿಂಗ್ ಇದ್ದರೆ: ಪ್ಲಗ್, ಪ್ಲಗ್ ವೈರ್, ಕಾಯಿಲ್ ಅಥವಾ ಇಂಜೆಕ್ಟರ್.
- ಬ್ರೇಕ್ ತುಳಿದಾಗ ಎಂಜಿನ್ ಸದ್ದು ಬದಲಾಗಿ, ಪೆಡಲ್ ಗಟ್ಟಿಯಾದರೆ: ಬ್ರೇಕ್ ಬೂಸ್ಟರ್ ಅಥವಾ ಅದರ ಪೈಪ್. ಇದನ್ನು ಮುಂದೂಡುವ ಹಾಗಿಲ್ಲ.

ಅಗ್ಗದ್ದರಿಂದ ಶುರು ಮಾಡಿ

1. ಏರ್ ಫಿಲ್ಟರ್: ನಮ್ಮ ಎರೆಮಣ್ಣಿನ ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ. ಹೊಲದ ಹಾದಿಯಲ್ಲಿ ಓಡುವ ಗಾಡಿಯಾದರೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ. ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ.

2. ರಬ್ಬರ್ ಪೈಪ್: ಬೇಸಿಗೆಯ ಬಿಸಿಲು, ಎಂಜಿನ್ ಕಾವು ಎರಡೂ ಸೇರಿ ಹಳೆ ರಬ್ಬರ್ ಬಿರುಕು ಬಿಡುತ್ತದೆ. "ಸುಸ್" ಎಂಬ ಸದ್ದು ಕೇಳಿದರೆ ಅಲ್ಲಿಂದ ಗಾಳಿ ಒಳಗೆ ಎಳೆಯುತ್ತಿದೆ ಎಂದರ್ಥ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್, ಸ್ಪ್ರೇ ಹೊಡೆಯಬೇಡಿ. ಬೆಂಕಿ ಹತ್ತಬಹುದು.

3. ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್: ಸಡಿಲವಿದ್ದರೆ, ಪಾಚಿಗಟ್ಟಿದ್ದರೆ ಸೆನ್ಸರ್‌ಗಳೂ ಸುಳ್ಳು ಹೇಳುತ್ತವೆ. ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿ ವೈರ್ ಕಡಿದಿದೆಯೇ ನೋಡಿ.

4. ಪ್ಲಗ್: ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಎಂಜಿನ್ ನಡೆಯುವಾಗ ಪ್ಲಗ್ ವೈರ್ ಕೀಳುವ ರೂಢಿ ಬಿಡಿ. ಶಾಕ್ ಹೊಡೆಯುತ್ತದೆ, ಕಾಯಿಲೂ ಹೋಗಬಹುದು.

5. ಥ್ರಾಟಲ್ ಬಾಡಿ: ಥ್ರಾಟಲ್ ಕ್ಲೀನರ್ ಮತ್ತು ಮೆತ್ತನೆ ಬಟ್ಟೆಯಿಂದ ಕಾರ್ಬನ್ ತೆಗೆಸಿ. ಐಡಲ್ ವಾಲ್ವ್‌ನ ಮೊನೆಯನ್ನು ಕೈಯಿಂದ ಒತ್ತಬಾರದು. ಬಹಳ ಗಾಡಿಗಳ ರೋಗ ಇಲ್ಲಿಗೇ ವಾಸಿಯಾಗುತ್ತದೆ.

ಸ್ವಚ್ಛ ಮಾಡಿದ ಮೇಲೆ ರೇಸ್ ಹೆಚ್ಚು ಕಡಿಮೆ ಆದರೆ ಗಾಬರಿ ಬೇಡ. ಕಾರ್ಬನ್ ಇದ್ದಾಗಿನ ಲೆಕ್ಕ ಇಸಿಎಂ ನೆನಪಿನಲ್ಲಿ ಉಳಿದಿರುತ್ತದೆ. ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಬಿಡಿ. ನಂತರ ಎಸಿ ಹಾಕಿ ಸ್ವಲ್ಪ ಹೊತ್ತು ನಡೆಸಿ. ಕೆಲವು ಮಾಡೆಲ್‌ಗೆ ಇದನ್ನು ಸ್ಕ್ಯಾನರ್‌ನಿಂದಲೇ ಮಾಡಬೇಕು. ಈ ಕೆಲಸ ಬಯಲಲ್ಲಿ ಮಾಡಿ. ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ನಡೆಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಪೆಟ್ರೋಲ್ ಕಡೆಯೂ ಗಮನ ಇರಲಿ

ಈಗ ಬಂಕ್‌ಗಳಲ್ಲಿ ಸಿಗುವುದು 20% ವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರಿನಂಶ ಎಳೆದುಕೊಳ್ಳುತ್ತದೆ, ಹಳೆ ಟ್ಯಾಂಕಿನ ತಳದ ಕೊಳೆಯನ್ನೂ ಬಿಡಿಸುತ್ತದೆ. ಅದು ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳಬಹುದು. ಗಾಡಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ಪೈಪ್ ಒದ್ದೆಯಾಗಿದ್ದರೆ, ವಾಸನೆ ಬಂದರೆ ಅವತ್ತೇ ಬದಲಿಸಿ. ಇಂಜೆಕ್ಷನ್ ಗಾಡಿಯ ಪೈಪಿನಲ್ಲಿ ಒತ್ತಡ ಇರುವುದರಿಂದ ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ದುಡ್ಡು ಉಳಿಸುವ ಪ್ರಶ್ನೆ

"ಪಂಪ್ ಹೋಗೇದ, ಇಸಿಎಂ ಹೋಗೇದ" ಎಂದಾಗ ಒಂದೇ ಮಾತು ಕೇಳಿ: "ಹೆಂಗ ಗೊತ್ತಾತ್ರಿ?" ಪಂಪ್ ಆದರೆ ಗೇಜ್ ಹಾಕಿ ಪೆಟ್ರೋಲ್ ಒತ್ತಡ ತೋರಿಸಬೇಕು. ಸೆನ್ಸರ್ ಆದರೆ ಸ್ಕ್ಯಾನರ್‌ನಲ್ಲಿ ಕೋಡ್, ರೀಡಿಂಗ್ ತೋರಿಸಬೇಕು. ಕೋಡ್ ಬಂದ ಮಾತ್ರಕ್ಕೆ ಆ ಸೆನ್ಸರೇ ಕೆಟ್ಟಿದೆ ಎಂದಲ್ಲ, ವೈರ್, ಸಾಕೆಟ್ ಕೂಡ ಕಾರಣವಿರಬಹುದು. ಬದಲಿಸಿದ ಹಳೆ ಪಾರ್ಟ್ ಕೇಳಿ ಪಡೆಯಿರಿ.

ಹೊಗೆ ಸರ್ಟಿಫಿಕೇಟಿಗೂ ಇದೇ ಬುನಾದಿ. ಪೆಟ್ರೋಲ್ ಕಾರನ್ನು ಐಡಲ್‌ನಲ್ಲೂ ತಪಾಸಣೆ ಮಾಡುತ್ತಾರೆ. ಬಿಎಸ್-2, ಬಿಎಸ್-3 ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 0.5%, ಬಿಎಸ್-4 ಕಾರಿಗೆ 0.3%. 15 ವರ್ಷ ತುಂಬಿ ನೋಂದಣಿ ನವೀಕರಿಸಬೇಕಾದವರು ಐಡಲ್ ಸರಿ ಮಾಡಿಸಿಕೊಂಡೇ ಹೋಗುವುದು ಒಳಿತು.

ನಡುದಾರಿಯಲ್ಲಿ ಬಂದ್ ಬಿದ್ದರೆ

ಎಂಜಿನ್ ನಿಂತರೂ ಬ್ರೇಕ್ ಇರುತ್ತದೆ. ಆದರೆ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಒಂದೆರಡು ತುಳಿತಕ್ಕೆ ಮುಗಿಯುತ್ತದೆ. ಬ್ರೇಕ್ ಪದೇ ಪದೇ ಒತ್ತದೆ, ಒಂದೇ ಸಲ ಬಲವಾಗಿ ತುಳಿದು ಹಿಡಿಯಿರಿ. ಪವರ್ ಸ್ಟೀರಿಂಗ್ ಭಾರವಾಗುತ್ತದೆ. ಸ್ಟೀರಿಂಗ್ ಲಾಕ್ ಆಗದಂತೆ, ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ತೆಗೆಯಬೇಡಿ. ಕಬ್ಬಿನ ಟ್ರ್ಯಾಕ್ಟರ್, ಲಾರಿಗಳ ನಡುವೆ ಹೀಗೆ ಬಂದ್ ಬೀಳುವ ಕಾರಿನಲ್ಲಿ ಮಂದಿ ಮಕ್ಕಳನ್ನು ಕೂಡಿಸಿಕೊಂಡು ದೂರದ ಊರಿಗೆ ಹೊರಡುವುದು ಸಲ್ಲದು. ಮೊದಲು ರಿಪೇರಿ, ಆಮೇಲೆ ಪ್ರಯಾಣ.