ಸದ್ದು ಬಂದ ದಿಕ್ಕು

1999ರಲ್ಲಿ ಬೆಂಗಳೂರಿನ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗ ತನ್ನ ಹೊಸ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದ. ಎದುರಿಗೆ ಎರಡು, ಬೆನ್ನ ಹಿಂದೆ ಎರಡು ಪುಟ್ಟ ಸ್ಪೀಕರುಗಳು. ಮೇಜಿನ ಕೆಳಗೊಂದು ದಪ್ಪ ಪೆಟ್ಟಿಗೆ. ಆಟದೊಳಗಿನ ಯಾರದೋ ಹೆಜ್ಜೆ ಸದ್ದು ಹಿಂದಿನಿಂದ ಕೇಳಿಸಿ ಬೆಚ್ಚಿ ತಿರುಗಿದೆ.

"ಹೆದರಬೇಡಿ ಅತ್ತೆ, ಅದು ಸೌಂಡ್ ಕಾರ್ಡಿನ ಕೆಲಸ" ಎಂದು ನಕ್ಕ.

ಬಲಗಡೆಯ ಸದ್ದು ಬಲಗಿವಿಗೆ ಮೊದಲು ತಲುಪುತ್ತದೆ. ಎಡಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ತಡವಾಗಿ, ತಲೆ ಅಡ್ಡ ಬರುವುದರಿಂದ ತುಸು ಮೆತ್ತಗಾಗಿ ಕೇಳಿಸುತ್ತದೆ. ಅಷ್ಟರಿಂದಲೇ ಮಿದುಳು ಎಡಬಲ ಗುರುತಿಸುತ್ತದೆ. ಹಿಂದುಮುಂದು ತಿಳಿಯಲು ಹೊರಗಿವಿಯ ಮಡಿಕೆಗಳ ನೆರವು ಬೇಕು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ 'ಸೌಂಡ್ ಬ್ಲಾಸ್ಟರ್' ಕಾರ್ಡು ಆಟಗಳಿಗೆ ಸಂಗೀತವನ್ನೂ ಮಾತನ್ನೂ ಕೊಟ್ಟಿತು. 1998ರ 'ಸೌಂಡ್ ಬ್ಲಾಸ್ಟರ್ ಲೈವ್' ನಾಲ್ಕು ಸ್ಪೀಕರುಗಳಿಗೆ ಸದ್ದನ್ನು ಹಂಚಿತು. ಶತ್ರು ಎಲ್ಲಿದ್ದಾನೆಂದು ಆಟಕ್ಕೆ ಗೊತ್ತು. ಯಾವ ಸ್ಪೀಕರು ಎಷ್ಟು ಜೋರಾಗಿ ನುಡಿಯಬೇಕೆಂದು ಲೆಕ್ಕ ಹಾಕಿದರಾಯಿತು.

"ಈ ದಪ್ಪ ಪೆಟ್ಟಿಗೆ ಮಾತ್ರ ಯಾವ ಮೂಲೇಲಿ ಇಟ್ರೂ ನಡೆಯುತ್ತೆ ಅತ್ತೆ. ಗುಡುಗಿನಂಥ ತಗ್ಗು ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ತಿಳಿಯಲ್ಲ."

ಆ ಮಾತು ನನ್ನನ್ನು ಮಾರಿಕುಪ್ಪಂಗೆ ಕರೆದೊಯ್ದಿತು.

ಬಂಗಾರಪೇಟೆಯಿಂದ ಹೊರಟ ರೈಲು ಕೊನೆಗೆ ನಿಲ್ಲುವ ಊರು ನಮ್ಮದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಈ ಚಿನ್ನದ ಸೀಮೆಯಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅದಿರು ತೆಗೆದಂತೆಲ್ಲ ಮೇಲಿನ ಭಾರ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಾಳಲಾರದೆ ಅದು ಸಿಡಿಯುತ್ತದೆ. ಅದೇ ರಾಕ್ ಬರ್ಸ್ಟ್. ನೆಲ ಗುಡುಗಿ, ಅಡುಗೆಮನೆಯ ಪಾತ್ರೆಗಳು ಕಟಕಟ ಎಂದೊಡನೆ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. "ಯಾವ ಕಡೆ?" ಒಬ್ಬರು ನಂದಿದುರ್ಗ ಗಣಿ ಎಂದರೆ ಇನ್ನೊಬ್ಬರು ಚಾಂಪಿಯನ್ ಎನ್ನುವರು. "ನನ್ನ ಕಿವಿಯೇ ಮಂದ, ಏನೂ ತಿಳಿಯಲ್ಲ" ಎಂದು ಅಮ್ಮ ಗೋಡೆಗೊರಗಿ ನಿಲ್ಲುತ್ತಿದ್ದರು. ಅಪ್ಪ ಶಿಫ್ಟಿನಲ್ಲಿರುತ್ತಿದ್ದರು.

ಆ ದಿಕ್ಕು ಹಿಡಿಯಲು ಜಿಯೋಫೋನ್‌ಗಳು ಬೇಕಿದ್ದವು, ಅಂದರೆ ನೆಲಕ್ಕೆ ಇಟ್ಟ ಕಿವಿಗಳು. ಕಂಪನ ಯಾವುದಕ್ಕೆ ಮೊದಲು, ಯಾವುದಕ್ಕೆ ತಡವಾಗಿ ಮುಟ್ಟಿತೆಂಬ ಅಂತರದಿಂದ ಬಂಡೆ ಸಿಡಿದ ಜಾಗವನ್ನು ಲೆಕ್ಕ ಹಾಕಬಹುದು. ಕೆಜಿಎಫ್‌ನಲ್ಲೇ 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಂಥ ಅಧ್ಯಯನ ನಡೆಸಿತು. ಸದ್ದಿನಿಂದ ಜಾಗ ಹುಡುಕುವುದು ಅಲ್ಲಿಯ ಲೆಕ್ಕ. ಜಾಗದಿಂದ ಸದ್ದು ಹುಟ್ಟಿಸುವುದು ಹುಡುಗನ ಆಟದ ಲೆಕ್ಕ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೊಂದು ದಿನ ಅಮ್ಮನಿಗೆ ಹೇಳಿದೆ: "ನಿಮ್ಮ ಕಿವಿ ಮಂದವಾಗಿರಲಿಲ್ಲಮ್ಮ. ಆ ಸದ್ದೇ ಹಾಗೆ, ಯಾರಿಗೂ ದಿಕ್ಕು ತಿಳಿಯುತ್ತಿರಲಿಲ್ಲ."

ಅಮ್ಮ ಸೊಪ್ಪು ಬಿಡಿಸುತ್ತಲೇ ಹೇಳಿದರು: "ತಿಳಿದಿದ್ರೆ ಏನಾಗ್ತಿತ್ತು? ಆ ಕಡೆ ನಿಮ್ಮಪ್ಪ ಇಲ್ದೆ ಇದ್ರೆ, ಇನ್ನೊಬ್ಬಳ ಗಂಡ ಇರ್ತಿದ್ನಲ್ಲ."