ಸಿಇಟಿ ನಡೆದು ಬಂದ ದಾರಿ ಮತ್ತು ನಮ್ಮ ಹಳ್ಳಿಯ ಮಕ್ಕಳು

ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ರೈತ ಸಾಹುಕಾರನ ಬಡ್ಡಿಗೆ ಸಿಕ್ಕಿ ಒದ್ದಾಡಬಾರದು ಅಂತ. ಇಂದು ಅದೇ ರೈತನ ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವ ಮಗುವಿದ್ದರೆ, ಕೋಚಿಂಗ್ ಫೀಸಿಗೆಂದು ಹೆಂಡತಿಯ ಬಂಗಾರ ಅಡವಿಗೆ ಹೋಗುತ್ತದೆ. ಸಾಲದ ಹೆಸರು ಬದಲಾಯಿತೇ ಹೊರತು ಸಾಲ ಹೋಗಲಿಲ್ಲ. ಆದ್ದರಿಂದ ಈ ಪರೀಕ್ಷೆ ಎಲ್ಲಿಂದ ಬಂತು, ಇದರಲ್ಲಿ ಅಂಕ ಏರುವುದು ದುಡ್ಡಿನಿಂದಲೋ ಅಭ್ಯಾಸದಿಂದಲೋ ಎಂಬುದನ್ನು ನಾವೆಲ್ಲ ಕೂತು ವಿಚಾರ ಮಾಡುವುದು ಉಚಿತ.

ಸಿಇಟಿ ಬಂದದ್ದು ಹೇಗೆ?

ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳು ಬೆಳೆದಂತೆ ಕ್ಯಾಪಿಟೇಶನ್ ಹಾವಳಿಯೂ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ಕಾಯಿದೆಯೇ ಬಂತು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ರಾಜ್ಯದವರಾದರೆ 25,000, ಹೊರ ರಾಜ್ಯದವರಾದರೆ 60,000 ರೂಪಾಯಿ. ಈ ವ್ಯತ್ಯಾಸವನ್ನು ಪ್ರಶ್ನಿಸಿದ್ದೇ ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಕಾನೂನುಬಾಹಿರ ಎಂದಿತು. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟು 'ಫ್ರೀ ಸೀಟು', ಇನ್ನರ್ಧ 'ಪೇಮೆಂಟ್ ಸೀಟು', ಎರಡನ್ನೂ ಅರ್ಹತೆಯ ಮೇಲೆಯೇ ಕೊಡತಕ್ಕದ್ದು ಎಂದಾಯಿತು. ಇದರ ಬೆನ್ನಿಗೇ 1994ರಲ್ಲಿ ಕರ್ನಾಟಕ ಸರ್ಕಾರ ಸಿಇಟಿ ಘಟಕ ತೆರೆಯಿತು. ಅದೇ ಮುಂದೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು.

ಫ್ರೀ, ಪೇಮೆಂಟ್ ಏರ್ಪಾಡನ್ನು 2002ರ ಟಿ.ಎಂ.ಎ. ಪೈ ತೀರ್ಪು ಬದಲಿಸಿತು. ಆದರೂ ರ್‍ಯಾಂಕ್ ನೋಡಿ ಸೀಟು ಹಂಚುವ ಪದ್ಧತಿ ಉಳಿಯಿತು. ಯಾರ ಪರಿಚಯವೂ ಇಲ್ಲದ ಹಳ್ಳಿ ಹುಡುಗಿ ತನ್ನ ರ್‍ಯಾಂಕ್ ಹಿಡಿದು ಸೀಟು ಕೇಳುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ದುಡ್ಡು ಮುಂಬಾಗಿಲಿನಿಂದ ಹೊರಟು ಕೋಚಿಂಗ್ ಎಂಬ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು.

ಅಮೆರಿಕದವರ ಅನುಭವ

ಇದು ನಮ್ಮಲ್ಲಿ ಮಾತ್ರ ಆದದ್ದೇ? ಇಲ್ಲ. ಇಂಥ ಪರೀಕ್ಷೆಗಳಲ್ಲಿ ನಮಗಿಂತ ಬಹಳ ಹಿಂದಿನಿಂದ ಪಳಗಿದವರು ಅಮೆರಿಕದವರು. ಅಲ್ಲಿನ ಎಸ್‌ಎಟಿ ಪರೀಕ್ಷೆ ಮೊದಲು ನಡೆದದ್ದು 1926ರ ಜೂನ್ 23ರಂದು. ಸುಮಾರು 8,000 ಮಂದಿ ಬರೆದರು. ಅದರ ಹೆಸರಿನಲ್ಲಿದ್ದ 'ಆಪ್ಟಿಟ್ಯೂಡ್' ಎಂಬ ಪದ ಸಹಜ ಸಾಮರ್ಥ್ಯವನ್ನು ಹೇಳುತ್ತಿತ್ತು. ಕೋಚಿಂಗ್‌ನಿಂದ ಅಂಥ ಲಾಭವೇನಿಲ್ಲ ಎಂದೇ ಪರೀಕ್ಷೆ ನಡೆಸುವವರು ಬಹುಕಾಲ ಹೇಳಿದರು. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ನಲ್ಲಿ ಕೊಳಾಯಿ ಕೆಲಸದವರೊಬ್ಬರ ಮಗ ಸ್ಟ್ಯಾನ್ಲಿ ಕಪ್ಲಾನ್ 1946ರಿಂದ ಮಕ್ಕಳನ್ನು ಈ ಪರೀಕ್ಷೆಗೆ ತಯಾರು ಮಾಡತೊಡಗಿದರು. ಅದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. 1979ರಲ್ಲಿ ಅಲ್ಲಿನ ಸರ್ಕಾರದ ವ್ಯಾಪಾರ ಆಯೋಗ ಪರಿಶೀಲಿಸಿದಾಗ, ತರಬೇತಿಯಿಂದ ಕೆಲವರಿಗೆ ಅಂಕ ಏರುವುದು ನಿಜವೆಂದು ಕಂಡಿತು. ಆದರೆ ಆ ಏರಿಕೆ ಜಾಹೀರಾತುಗಳು ಕೂಗುವಷ್ಟಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. 1990ರ ದಶಕದಲ್ಲಿ ಆ ಪದವನ್ನೇ ಹೆಸರಿನಿಂದ ಕೈಬಿಟ್ಟರು. 2015ರಲ್ಲಂತೂ ಪರೀಕ್ಷೆ ನಡೆಸುವ ಮಂಡಳಿಯೇ ಖಾನ್ ಅಕಾಡೆಮಿಯ ಜೊತೆಗೂಡಿ ಅಭ್ಯಾಸ ಪ್ರಶ್ನೆಗಳನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತು.

ಇದರಿಂದ ನಮಗೆ ತಿಳಿಯುವುದಿಷ್ಟು: ಅಂಕ ಹಣೆಬರಹವಲ್ಲ, ಅಭ್ಯಾಸದಿಂದ ಏರುತ್ತದೆ. ಆ ಅಭ್ಯಾಸಕ್ಕೆ ಬೇಕಾದ ಸಾಮಗ್ರಿಯನ್ನು ಲಕ್ಷ ಕೊಟ್ಟೇ ತರಬೇಕೆಂದಿಲ್ಲ.

ಅಂಕ ಏರುವುದು ಯಾವುದರಿಂದ?

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಪಾಠವನ್ನು ಕೆಲವರು ನಾಲ್ಕು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿಟ್ಟು ಮೂರು ಸಲ ನೆನಪಿನಿಂದ ಬರೆದರು. ವಾರದ ನಂತರ ನೋಡಿದರೆ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ಅಂದರೆ ಮತ್ತೆ ಮತ್ತೆ ಓದಿದರೆ ಸಾಲದು, ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಬೇಕು.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, ಉತ್ತರ ಗುರುತಿಸಲು 70 ನಿಮಿಷ. ಹಳೆಯ ಪ್ರಶ್ನೆಪತ್ರಿಕೆಗಳೂ ಸರಿ ಉತ್ತರಗಳೂ ಪ್ರಾಧಿಕಾರದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಗಡಿಯಾರ ಎದುರಿಗಿಟ್ಟುಕೊಂಡು ಒಂದನ್ನು ಬಿಡಿಸಬೇಕು. ತಪ್ಪಾದದ್ದನ್ನೆಲ್ಲ ಬೇರೆ ನೋಟ್‌ಬುಕ್ಕಿನಲ್ಲಿ ಬರೆದು, ಯಾಕೆ ತಪ್ಪಾಯಿತು ಅಂತ ಪಠ್ಯಪುಸ್ತಕ ತೆಗೆದು ನೋಡಬೇಕು. ವಾರ ಬಿಟ್ಟು ಆ ತಪ್ಪುಗಳನ್ನೇ ಮತ್ತೆ ಬಿಡಿಸಬೇಕು. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು ಇರುವುದರಿಂದ ಕಾಲೇಜಿನ ಪಾಠ ಬಿಟ್ಟು ಕೋಚಿಂಗ್ ಹಿಂದೆ ಓಡುವುದು ನಷ್ಟದ ಬಾಬತ್ತು.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್ ಹಾಗಲ್ಲ. ಅಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಕಳೆತ. ನಾಲ್ಕು ಉತ್ತರಗಳಲ್ಲಿ ಎರಡು ತಪ್ಪೆಂದು ಖಚಿತವಾದರೆ ಉಳಿದೆರಡರಲ್ಲಿ ಒಂದನ್ನು ಆರಿಸುವುದು ಲಾಭ. ಅಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿಯಾದರೂ 8 ಬಂದು 2 ಹೋಗಿ 6 ಉಳಿಯುತ್ತದೆ. ವೈದ್ಯಕೀಯ ಸೀಟಿಗೆ ಈಗ ನೀಟ್ ಅಂಕವೇ ಆಧಾರ. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂದಿದೆ.

ನಮ್ಮ ಹಕ್ಕು, ನಮ್ಮ ಹೊಲ

ಇನ್ನೊಂದು ಮಾತು. ಒಂದರಿಂದ ಹತ್ತನೇ ತರಗತಿವರೆಗೆ ರಾಜ್ಯದ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಪ್ರಮಾಣಪತ್ರ ಮಾತ್ರ ಸಕಾಲಕ್ಕೆ ಮಾಡಿಸಿಟ್ಟುಕೊಳ್ಳಬೇಕು. ಕೊನೇ ಗಳಿಗೆಯಲ್ಲಿ ಓಡಾಡಿದರೆ ಬಂದ ರ್‍ಯಾಂಕೂ ಕೆಲಸಕ್ಕೆ ಬಾರದು. ಬಿಎಸ್ಸಿ ಕೃಷಿ ಮೊದಲಾದ ಪದವಿಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಬೆಳೆ, ಉಪಕರಣ ಗುರುತಿಸುವ ಆ ಪರೀಕ್ಷೆಗೆ ನಮ್ಮ ಹೊಲಕ್ಕಿಂತ ಒಳ್ಳೆಯ ಕೋಚಿಂಗ್ ಸೆಂಟರ್ ಯಾವುದಿದೆ ಹೇಳಿ!

ಸಂಘ ಏನು ಮಾಡಬಹುದು? ಕಚೇರಿಯ ಒಂದು ಕಪಾಟು, ಹತ್ತು ವರ್ಷದ ಪ್ರಶ್ನೆಪತ್ರಿಕೆಗಳ ಪ್ರತಿ, ಪಿಯುಸಿ ಪಠ್ಯಪುಸ್ತಕಗಳ ಎರಡು ಕಟ್ಟು, ಗೋಡೆಗೊಂದು ಗಡಿಯಾರ ಸಾಕು. ಭಾನುವಾರ ಬೆಳಿಗ್ಗೆ ಮಕ್ಕಳು ಒಟ್ಟಿಗೆ ಕೂತು ಒಂದು ಪತ್ರಿಕೆ ಬಿಡಿಸಲಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಲಿ. ಊರಿನಿಂದ ಹೋಗಿ ಇಂಜಿನಿಯರ್, ನರ್ಸ್, ಮೇಷ್ಟ್ರು ಆದವರು ಹಬ್ಬಕ್ಕೆ ಬಂದಾಗ ಒಂದು ತಾಸು ಅವರೊಂದಿಗೆ ಕೂರಲಿ. ಸೀಟು ಸಿಗದ ಮಗುವಿಗೆ ಬೈಗುಳ ಬೇಡ. ಒಂದು ಪರೀಕ್ಷೆಯ ಬೆಲೆ ಮಗುವಿನ ಜೀವದ ಬೆಲೆಯಲ್ಲ ಎಂಬುದನ್ನು ಮನೆಯ ಹಿರಿಯರು ಮೊದಲು ಮನಗಾಣಬೇಕು.

ಒಬ್ಬೊಬ್ಬರಿಂದ ಒಂದೊಂದು ಷೇರು ಕೂಡಿಸಿ ಬಂಡವಾಳ ಮಾಡಿದ ಸಂಘ ನಮ್ಮದು. ಓದಿನ ಬಂಡವಾಳವನ್ನೂ ಹೀಗೆಯೇ ಕೂಡಿಸಬಹುದು. ಬರುವ ವಾರ್ಷಿಕ ಮಹಾಸಭೆಯಲ್ಲಿ ಆಡಳಿತ ಮಂಡಳಿಯವರು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತಾ, ಪರೀಕ್ಷೆಗೆ ಕೂರುವ ಊರಿನ ಎಲ್ಲ ಮಕ್ಕಳಿಗೂ ಶುಭ ಕೋರುತ್ತೇವೆ.