ಚೀಟಿ ಹರಿದ ಚೀಲ: ಜಾವಾ ಜೆನೆರಿಕ್ಸ್ ಹುಟ್ಟಿದ ಕಥೆ

ಜಾವಾ ಕಲಿಯೋ ನಮ್ಮ ಗದಗ ಕಡೆ ಹುಡುಗರದ್ದು ಒಂದು ಪ್ರಶ್ನೆ ಇದ್ದೇ ಇರ್ತದ: "ಸ್ಟ್ರಿಂಗ್ ಅನ್ನೋದು ಆಬ್ಜೆಕ್ಟೇ ಅಲ್ಲೇನ್ರಿ? ಮತ್ತ ಸ್ಟ್ರಿಂಗ್‌ಗಳ ಲಿಸ್ಟನ್ನ ಆಬ್ಜೆಕ್ಟ್‌ಗಳ ಲಿಸ್ಟ್ ಅಂತ ಕೊಟ್ರ ಕಂಪೈಲರ್ ಯಾಕ ಒಪ್ಪಂಗಿಲ್ಲ?" ತಲೆ ಓಡ್ತಿಲ್ಲ ಅಂತ ಬೇಜಾರಾಗಬ್ಯಾಡ್ರಿ. ಉತ್ತರ ಇರೋದು ಇತಿಹಾಸದಲ್ಲಿ.

1998ರ ಡಿಸೆಂಬರ್‌ನಲ್ಲಿ ಬಂದ ಜಾವಾ 1.2ರಲ್ಲಿ ಜೋಶುವಾ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಸೇರಿದವು. ಆಗಿನ ಲಿಸ್ಟ್ ಅಂದರೆ ಚೀಟಿ ಇಲ್ಲದ ಚೀಲ. ಮುಂಡರಗಿಯಿಂದ ಗದಗ ಎಪಿಎಂಸಿಗೆ ಅಂಥ ಚೀಲ ಬಂತು ಅಂದ್ಕೊಳ್ರಿ. ಒಳಗಿರೋದು ಹೆಸರೋ ಕಡಲೆಯೋ, ಬಿಚ್ಚಿದಾಗಲೇ ಗೊತ್ತು. ಲಿಸ್ಟಿನಿಂದ ತೆಗೆದದ್ದನ್ನು ಸ್ಟ್ರಿಂಗ್ ಎಂದು ಕಾಸ್ಟ್ ಮಾಡಬೇಕಿತ್ತು. ಒಳಗೆ ಇಂಟಿಜರ್ ಇದ್ದರೆ ಪ್ರೋಗ್ರಾಮ್ ಓಡುವಾಗ, ಗ್ರಾಹಕರ ಮುಂದೆಯೇ, ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್! ತಪ್ಪು ಹಾಕಿದ ಸಾಲು ಒಂದು, ಬಿದ್ದ ಸಾಲು ಇನ್ನೊಂದು.

ಚೀಲಕ್ಕೆ ಚೀಟಿ ಹಚ್ಚುವ ದಾರಿ ಹುಡುಕಿದವರು ಮಾರ್ಟಿನ್ ಒಡೆರ್ಸ್ಕಿ ಮತ್ತು ಫಿಲಿಪ್ ವಾಡ್ಲರ್. ಮೊದಲು ಪಿಜ್ಜಾ ಎಂಬ ಭಾಷೆ ಮಾಡಿದರು; 1998ರಲ್ಲಿ ಗಿಲಾಡ್ ಬ್ರಾಚಾ, ಡೇವಿಡ್ ಸ್ಟೌಟಮೈರ್ ಜೊತೆ ಸೇರಿ ಜಿಜೆ ತಂದರು. ಅದೇ ಬೆಳೆದು 2004ರ ಸೆಪ್ಟೆಂಬರ್‌ನಲ್ಲಿ ಜಾವಾ 5ರ ಜೆನೆರಿಕ್ಸ್ ಆಯಿತು.

ಆದರೆ ಅಷ್ಟೊತ್ತಿಗೆ ಜಗತ್ತಿನ ತುಂಬ ಹಳೇ ಜಾವಾ ಕೋಡ್ ಇತ್ತು. ಅದು ಮುರಿಯಬಾರದು. ಅದಕ್ಕೇ ಒಂದು ರಾಜಿ ಆಯಿತು: ಕಂಪೈಲರ್ ಗೇಟಿನಲ್ಲಿ ನಿಂತು ಚೀಟಿ ನೋಡ್ತದ, ಒಳಗೆ ಬಿಡುವ ಮುಂದ ಹರಿದು ಹಾಕ್ತದ. ಇದಕ್ಕೇ ಟೈಪ್ ಇರೇಷರ್ ಅಂತಾರ. ಓಡುವಾಗ ಉಳಿಯೋದು ಬರೀ ಲಿಸ್ಟ್.

ಈಗ ಹುಡುಗರ ಪ್ರಶ್ನೆಗೆ ಬರೋಣ. ನನ್ನ ಹೆಸರಿನ ಚೀಲವನ್ನು "ಯಾವುದೋ ಕಾಳಿನ ಚೀಲ" ಅಂತ ನಿಮ್ಮ ಕೈಗೆ ಕೊಟ್ಟರೆ, ನೀವು ಅದರೊಳಗೆ ಕಡಲೆ ಸುರೀಬಹುದು. ಅರೇಯಲ್ಲಾದರೆ ಓಡುವಾಗಲೂ ಚೀಟಿ ಇರ್ತದ; ತಪ್ಪು ಹಾಕಿದ ಕೂಡಲೇ ಅರೇಸ್ಟೋರ್‌ಎಕ್ಸೆಪ್ಷನ್ ಬರ್ತದ. ಲಿಸ್ಟಿನಲ್ಲಿ ಹಾಗೆ ಹಿಡಿಯೋರು ಯಾರೂ ಇಲ್ಲ. ಅದಕ್ಕೇ ಗೇಟಿನಲ್ಲೇ ತಡೀಬೇಕು.

ಲಿಸ್ಟಿನಿಂದ ಬರೀ ತೆಗೆಯೋದಿದ್ರ ಪ್ರಶ್ನಾರ್ಥಕ ಚಿಹ್ನೆ ಜೊತೆ ಎಕ್ಸ್‌ಟೆಂಡ್ಸ್ ಬರೀರಿ, ಹಾಕೋದಿದ್ರ ಸೂಪರ್. ಮತ್ತ ಹಳದಿ ಬಣ್ಣದ "ಅನ್‌ಚೆಕ್ಡ್" ವಾರ್ನಿಂಗ್ ಕಂಡರೆ ಮುಚ್ಚಿಡಬ್ಯಾಡ್ರಿ. ಗೇಟಿನವ ಹೇಳೋದಿಷ್ಟೇ: ಈ ಚೀಲ ನಾ ನೋಡಿಲ್ಲ, ಜವಾಬ್ದಾರಿ ನಿಮ್ಮದು.